ಕೊಂದವನೇ ಮುಯ್ಯಿ ತೀರಿಸುವ ನಾಟಕ: ವೆಬ್‌ಸ್ಟರನ ‘ದಿ ಡಚೆಸ್ ಆಫ್ ಮಾಲ್ಫಿ’ ಕುರಿತು ಚರ್ಚೆ

ನೇಪಥ್ಯ (ಚರ್ಚೆ ಆರಂಭಿಸಿದವರು):

ಜಾನ್ ವೆಬ್‌ಸ್ಟರನ ‘ದಿ ಡಚೆಸ್ ಆಫ್ ಮಾಲ್ಫಿ’ಯನ್ನು ಇಂಗ್ಲಿಷಿನ ಸೇಡಿನ ರುದ್ರನಾಟಕಗಳ ಸಾಲಿನಲ್ಲಿಟ್ಟು ಪಾಠ ಹೇಳುವುದು ರೂಢಿ. ಆ ಸಾಲಿನ ಉಳಿದ ನಾಟಕಗಳಲ್ಲಿ ಮುಯ್ಯಿ ತೀರಿಸಬೇಕಾದವನು ಯಾರು ಎಂಬುದರಲ್ಲಿ ಗೊಂದಲವಿರುವುದಿಲ್ಲ. ಥಾಮಸ್ ಕಿಡ್ 1587ರ ಸುಮಾರಿಗೆ ಬರೆದ ‘ದಿ ಸ್ಪ್ಯಾನಿಷ್ ಟ್ರಾಜಿಡಿ’ಯಲ್ಲಿ, ಮಗನ ಹೆಣ ತೋಟದಲ್ಲಿ ನೇತಾಡುತ್ತಿರುವುದನ್ನು ಕಂಡ ತಂದೆ ಹಿರಾನಿಮೊ ಆ ಕೆಲಸಕ್ಕೆ ಇಳಿಯುತ್ತಾನೆ, ‘ಹ್ಯಾಮ್ಲೆಟ್’ನಲ್ಲಿ ತಂದೆಯನ್ನು ಕಳೆದುಕೊಂಡ ಮಗನಿದ್ದಾನೆ. ಸತ್ತವರಿಗೂ ಸೇಡು ತೀರಿಸುವವನಿಗೂ ರಕ್ತಸಂಬಂಧವಿರುತ್ತದೆ, ನ್ಯಾಯ ಕೊಡಬೇಕಾದ ಅರಮನೆಯಲ್ಲೇ ಅಪರಾಧಿಗಳು ಇರುವುದರಿಂದ ಅವನು ಬೇರೆ ದಾರಿ ಕಾಣದೆ ತಾನೇ ಕತ್ತಿ ಹಿಡಿಯುತ್ತಾನೆ, ನೋಡುವವರ ಮನಸ್ಸು ಅರ್ಧ ಹೆದರಿಕೆಯಿಂದಲೇ ಆದರೂ ಅವನ ಪರವಾಗಿರುತ್ತದೆ.

ವೆಬ್‌ಸ್ಟರನಲ್ಲಿ ಈ ಏರ್ಪಾಡೇ ತಲೆಕೆಳಗಾಗಿದೆ. ವಿಧವೆಯಾದ ಡಚೆಸ್, ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಾಧಿಕಾರಿಯಾದ ಒಬ್ಬ ಸೋದರ ಕಾರ್ಡಿನಲ್‌ನ ಮತ್ತು ಅವಳಿ ಸೋದರ ಫರ್ಡಿನೆಂಡ್‌ನ ಎಚ್ಚರಿಕೆಯನ್ನು ಮೀರಿ, ತನ್ನ ಅರಮನೆಯ ಪಾರುಪತ್ಯಗಾರ ಆಂಟೋನಿಯೊನನ್ನು ಗುಟ್ಟಾಗಿ ಮದುವೆಯಾಗುತ್ತಾಳೆ. ಮೂವರು ಮಕ್ಕಳಾಗುತ್ತಾರೆ. ಅವಳ ಮೇಲೆ ಕಣ್ಣಿಡಲು ಫರ್ಡಿನೆಂಡ್ ನೇಮಿಸಿದ್ದ ಬೊಸೊಲಾ ಎಂಬ ಗೂಢಚಾರ ಗುಟ್ಟನ್ನು ಹೊರಗೆಡಹುತ್ತಾನೆ. ನಾಲ್ಕನೆಯ ಅಂಕದಲ್ಲಿ ಅದೇ ಬೊಸೊಲಾ ಮುಂದೆ ನಿಂತು ಅವಳನ್ನೂ ಇಬ್ಬರು ಎಳೆಯ ಮಕ್ಕಳನ್ನೂ ಸಖಿ ಕ್ಯಾರಿಯೋಲಳನ್ನೂ ಕತ್ತು ಬಿಗಿಸಿ ಕೊಲ್ಲಿಸುತ್ತಾನೆ. ನಾಯಕಿ ಸತ್ತ ಮೇಲೂ ಒಂದು ಇಡೀ ಅಂಕ ಉಳಿದಿರುತ್ತದೆ. ಗಂಡ ಹಿರಿಯ ಮಗನೊಂದಿಗೆ ಮಿಲಾನಿನಲ್ಲಿ ಜೀವಂತನಾಗಿದ್ದಾನೆ, ಆದರೆ ಹೆಂಡತಿ ಸತ್ತಿರುವುದೇ ಅವನಿಗೆ ತಿಳಿದಿಲ್ಲ. ಸೋದರರೋ, ಕೊಲ್ಲಿಸಿದವರೇ ಅವರು. ಹೀಗಾಗಿ ಮುಯ್ಯಿ ತೀರಿಸುವ ಕೆಲಸ ಕೊಂದವನ ಪಾಲಿಗೇ ಬರುತ್ತದೆ.

ನನ್ನ ಪ್ರಶ್ನೆ ಬೊಸೊಲಾನ ಕೊನೆಯ ಮಾತಿನ ಬಗ್ಗೆ. ಇದೆಲ್ಲ ಹೇಗಾಯಿತೆಂದು ಕೇಳಿದವರಿಗೆ, ತಾನೂ ಸಾಯುತ್ತಿರುವಾಗ ಅವನು ಒಂದು ಪಟ್ಟಿ ಒಪ್ಪಿಸುತ್ತಾನೆ: ಇದು ಅರಗಾನ್ ಮನೆತನದ ಸೋದರರು ಕೊಲ್ಲಿಸಿದ ಡಚೆಸ್‌ಳಿಗಾಗಿ, ತನ್ನ ಈ ಕೈಯಿಂದಲೇ ಸತ್ತ ಆಂಟೋನಿಯೊನಿಗಾಗಿ, ಕಾರ್ಡಿನಲ್ ವಿಷವಿಟ್ಟ ಅವನ ಪ್ರೇಯಸಿ ಜೂಲಿಯಾಳಿಗಾಗಿ, ಕಡೆಯದಾಗಿ ಇಷ್ಟೆಲ್ಲ ದುಡಿದೂ ಕೊನೆಗೆ ಯಾರಿಗೂ ಬೇಡವಾದ ತನಗಾಗಿ ತೀರಿಸಿದ ಸೇಡು. ಮೊದಲ ಮೂರು ಹೆಸರುಗಳನ್ನು ಪಶ್ಚಾತ್ತಾಪವೆಂದು ಓದಬಹುದು. ನಾಲ್ಕನೆಯದು ಸಂಬಳ ಬಾಕಿ ಉಳಿದ ನೌಕರನ ದೂರು. ಹಾಗಾದರೆ ಐದನೆಯ ಅಂಕದ ಬೊಸೊಲಾ ಎಚ್ಚೆತ್ತ ಮನುಷ್ಯನೋ, ಮೋಸಹೋದ ಆಳೋ? ನನಗಂತೂ ಎರಡನೆಯದೇ ಸರಿ ಎನ್ನಿಸುತ್ತದೆ. ಓದಿದವರು ತಮ್ಮ ಅಭಿಪ್ರಾಯ ತಿಳಿಸಬೇಕು.

ಸಾಲುಮರ:

ನೇಪಥ್ಯ ಅವರೇ, ನೀವು ಕೊನೆಯ ಮಾತಿನಿಂದ ಹಿಂದಕ್ಕೆ ಓದುತ್ತಿದ್ದೀರಿ. ಮುಂದಕ್ಕೆ ಓದಿದರೆ ಬೊಸೊಲಾ ಬದಲಾಗುವುದು ಸಂಬಳ ತಪ್ಪುವುದಕ್ಕೆ ಬಹಳ ಮೊದಲೇ ಕಾಣುತ್ತದೆ. ನಾಲ್ಕನೆಯ ಅಂಕದ ಮೊದಲ ದೃಶ್ಯವನ್ನೇ ನೋಡಿ. ಫರ್ಡಿನೆಂಡ್ ಕತ್ತಲೆಯಲ್ಲಿ ತಂಗಿಯ ಕೈಗೆ ಸತ್ತವನೊಬ್ಬನ ಕೈಯನ್ನು ಕೊಟ್ಟು, ಬಳಿಕ ಪರದೆ ಸರಿಸಿ ಆಂಟೋನಿಯೊ ಮತ್ತು ಮಕ್ಕಳ ಹೆಣಗಳಂತೆ ಕಾಣುವ ಮೇಣದ ಬೊಂಬೆಗಳನ್ನು ತೋರಿಸುತ್ತಾನೆ. ಅವಳು ಅವು ನಿಜವೆಂದೇ ನಂಬುತ್ತಾಳೆ. ಆಗ ಬೊಸೊಲಾ, ಕ್ರೌರ್ಯವನ್ನು ಇಲ್ಲಿಗೇ ನಿಲ್ಲಿಸಿ, ಅವಳಿಗೆ ಪ್ರಾಯಶ್ಚಿತ್ತದ ಉಡುಪನ್ನೂ ಜಪಮಾಲೆಯನ್ನೂ ಪ್ರಾರ್ಥನೆಯ ಪುಸ್ತಕವನ್ನೂ ಕೊಡಿಸಿ ಎಂದು ಒಡೆಯನಿಗೇ ಹೇಳುತ್ತಾನೆ. ಇನ್ನು ಮುಂದೆ ತನ್ನ ನಿಜರೂಪದಲ್ಲಿ ಅವಳೆದುರು ಹೋಗುವುದಿಲ್ಲ, ಹೋಗಲೇಬೇಕಾದರೆ ಸಾಂತ್ವನ ಹೇಳುವುದೇ ತನ್ನ ಕೆಲಸವಾಗಿರಬೇಕು ಎಂದು ಷರತ್ತು ಹಾಕುತ್ತಾನೆ. ಇನಾಮಿನ ಮಾತು ಆಗಿನ್ನೂ ಬಂದಿಲ್ಲ. ಕೂಲಿಗಾಗಿ ಮಾತ್ರ ಬದುಕುವವನು ಕೂಲಿ ಕೊಡುವವನಿಗೆ ಹೀಗೆ ಎದುರಾಡುತ್ತಾನೆಯೇ?

ಅವಳು ಸತ್ತ ಮೇಲೆ ಒಂದು ಕ್ಷಣ ಉಸಿರು ಮರಳಿದಾಗ ಅವನು ಆಡುವ ಮಾತನ್ನೂ ನೆನೆಯಿರಿ. ನಿನ್ನ ಆಂಟೋನಿಯೊ ಬದುಕಿದ್ದಾನೆ, ನೀನು ಕಂಡದ್ದು ಬರಿಯ ಬೊಂಬೆಗಳು ಎಂದು ಅವಳಿಗೆ ಹೇಳುತ್ತಾನೆ. ಸೋದರರೊಡನೆ ಅವನಿಗೆ ರಾಜಿಯಾಗಿದೆ ಎಂಬ ಸುಳ್ಳನ್ನೂ ಕರುಣೆಯಿಂದ ಸೇರಿಸುತ್ತಾನೆ. ಅವಳು ಕಣ್ಣುಮುಚ್ಚಿದ ಮೇಲೆ ಅಳುತ್ತಾನೆ. ಈ ಕಣ್ಣೀರು ತಾಯಿಯ ಹಾಲಿನಲ್ಲಿ ಬಂದದ್ದಲ್ಲ ಎಂದು ಅವನೇ ಬೆರಗಾಗುತ್ತಾನೆ. ಅಲ್ಲಿ ಅವನ ಅಳುವನ್ನು ನೋಡಲು ಒಡೆಯರು ಯಾರೂ ಇರುವುದಿಲ್ಲ.

ಕಿರುದಾರಿ:

ಸಾಲುಮರ ಅವರು ಹೇಳಿದ ಷರತ್ತನ್ನೇ ಇನ್ನೊಮ್ಮೆ ನೋಡೋಣ. ಬೊಸೊಲಾ ನಿರಾಕರಿಸುವುದು ತನ್ನ ಮುಖ ತೋರಿಸುವುದನ್ನು, ಕೆಲಸವನ್ನಲ್ಲ. ಮುಂದಿನ ದೃಶ್ಯದಲ್ಲಿ ಅವನು ಗೋರಿ ಕಟ್ಟುವ ಮುದುಕನ ವೇಷದಲ್ಲಿ ಬಂದು, ಅವಳಿಗೆ ದೇಹದ ನಶ್ವರತೆಯ ಕುರಿತು ಸೊಗಸಾದ ಉಪದೇಶ ಮಾಡಿ, ಅನಂತರ ಕೊಲೆಗಾರರನ್ನು ಒಳಕ್ಕೆ ಕರೆಸುತ್ತಾನೆ. ವೇಷ ಹಾಕಿಕೊಂಡರೆ ಆತ್ಮಸಾಕ್ಷಿಗೆ ತಾಗುವುದಿಲ್ಲವೆಂದು ತಿಳಿದವನ ನಡವಳಿಕೆಯಿದು. ಮೂರನೆಯ ಅಂಕದಲ್ಲಿಯೂ ಅವನು ಹೀಗೆಯೇ ನಡೆದುಕೊಂಡಿದ್ದ. ಡಚೆಸ್ ಗಂಡನನ್ನು ಪಾರುಮಾಡಲು ಅವನ ಮೇಲೆ ಹಣದ ಮೋಸದ ಆರೋಪ ಹೊರಿಸಿ ಕೆಲಸದಿಂದ ಓಡಿಸುವ ನಾಟಕವಾಡುತ್ತಾಳೆ. ಉಳಿದವರೆಲ್ಲ ಆಂಟೋನಿಯೊನನ್ನು ಹಳಿಯುತ್ತಿರುವಾಗ ಬೊಸೊಲಾ ಒಬ್ಬನೇ ಅವನ ಗುಣವನ್ನು ಹೊಗಳುತ್ತಾನೆ, ಆ ಹೊಗಳಿಕೆಗೆ ಕರಗಿ ಅವಳು ಅವನೇ ನನ್ನ ಗಂಡ ಎಂದುಬಿಡುತ್ತಾಳೆ. ಬರಿಯ ಯೋಗ್ಯತೆಯನ್ನು ನೋಡಿ, ಸಿರಿವಂತಿಕೆಯನ್ನೂ ಬಿರುದುಗಳನ್ನೂ ಲೆಕ್ಕಿಸದೆ ಒಬ್ಬನನ್ನು ಮೇಲೆತ್ತುವಷ್ಟು ಒಳ್ಳೆಯತನ ಈ ಕಾಲದಲ್ಲಿಯೂ ಉಳಿದಿದೆಯೇ ಎಂದು ಅವನು ಬೆರಗಿನಿಂದ ಕೇಳುತ್ತಾನೆ. ಆ ಬೆರಗು ಸುಳ್ಳೆಂದು ನನಗೆ ಅನ್ನಿಸಿಲ್ಲ. ಆದರೂ ಅವಳು ಹೋದ ಮರುಗಳಿಗೆಯಲ್ಲಿ, ಬೇಹುಗಾರನ ಬಾಳು ಎಷ್ಟು ಹೀನವೆಂದು ಶಪಿಸಿಕೊಳ್ಳುತ್ತಲೇ, ಈ ಸುದ್ದಿಯಿಂದ ತನಗೆ ಬಡ್ತಿ ಖಚಿತವೆಂದು ಲೆಕ್ಕಹಾಕಿ ಒಡೆಯನ ಬಳಿಗೆ ಹೊರಡುತ್ತಾನೆ.

ಅವನು ಒಳ್ಳೆಯದನ್ನು ಗುರುತಿಸಬಲ್ಲ, ಅದಕ್ಕೆ ಮರುಗಬಲ್ಲ, ಆದರೆ ಅದನ್ನು ತನ್ನ ನಡತೆಗೆ ತರಲಾರ. ಹೀಗಿರುವುದರಿಂದಲೇ ಅವನು ಫರ್ಡಿನೆಂಡ್‌ಗಿಂತ ಭಯಂಕರನಾಗಿ ಕಾಣುತ್ತಾನೆ.

ಹಳೆಯ ಪುಟ:

ಈ ಚರ್ಚೆಗೆ ಉಪಯೋಗವಾಗುವ ಒಂದೆರಡು ಸಂಗತಿಗಳನ್ನು ಹೇಳುತ್ತೇನೆ.

ಕಥೆ ಇಟಲಿಯಲ್ಲಿ ನಿಜವಾಗಿ ನಡೆದದ್ದು. ಜೊವಾನಾ ದರಗೋನ ಎಂಬ ಅಮಾಲ್ಫಿಯ ಡಚೆಸ್ 1498ರಲ್ಲಿ ಗಂಡನನ್ನು ಕಳೆದುಕೊಂಡು, ತನ್ನ ಪಾರುಪತ್ಯಗಾರ ಆಂಟೋನಿಯೊ ದಾ ಬೊಲೋನ್ಯನನ್ನು ಗುಟ್ಟಾಗಿ ಮದುವೆಯಾದಳು. 1510ರಲ್ಲಿ ಯಾತ್ರೆಯ ನೆಪದಿಂದ ಲೊರೆಟೊ ಕ್ಷೇತ್ರಕ್ಕೆ ಹೊರಟು ಗಂಡನಿದ್ದ ಅಂಕೋನಾ ಸೇರಿದಳು. ಆಂಟೋನಿಯೊ 1513ರಲ್ಲಿ ಮಿಲಾನಿನಲ್ಲಿ ಕೊಲೆಯಾದ. ಅವಳ ಸೋದರರಲ್ಲೊಬ್ಬನಾದ ಲುಯಿಜಿ ನಿಜಕ್ಕೂ ಕಾರ್ಡಿನಲ್ ಆಗಿದ್ದ. ಇದನ್ನು ಬಂದೆಲ್ಲೊ ಇಟಾಲಿಯನ್ನಿನಲ್ಲಿ ಕಥೆಯಾಗಿ ಬರೆದ, ಅದು ಫ್ರೆಂಚಿನ ಮೂಲಕ ಹಾದು 1567ರಲ್ಲಿ ವಿಲಿಯಂ ಪೇಂಟರನ ಇಂಗ್ಲಿಷ್ ಕಥಾಸಂಗ್ರಹಕ್ಕೆ ಬಂತು. ವೆಬ್‌ಸ್ಟರ್ ಓದಿದ್ದು ಅಲ್ಲಿ.

ಈಗ ಬೊಸೊಲಾನ ವಿಷಯ. ಮೂಲ ಕಥೆಯಲ್ಲಿ ಬೊಸೊಲಾ ಎನ್ನುವವನು ಕೊನೆಯಲ್ಲಿ ಆಂಟೋನಿಯೊನನ್ನು ಮಿಲಾನಿನಲ್ಲಿ ಕೊಂದು ಮರೆಯಾಗುವ ಬಾಡಿಗೆ ಹಂತಕ ಅಷ್ಟೆ. ಅವನನ್ನು ಮೊದಲ ದೃಶ್ಯಕ್ಕೇ ಎಳೆತಂದು, ಅರಮನೆಯ ಒಳಗೆ ನೌಕರಿಗೆ ಹಾಕಿ, ಅವನಿಗೆ ಕಲಿತವನ ನಾಲಗೆಯನ್ನೂ ಸದಾ ಉರಿಯುವ ಅಸಮಾಧಾನವನ್ನೂ ಕೊಟ್ಟವನು ವೆಬ್‌ಸ್ಟರ್. ಪೇಂಟರನ ಕಥೆ ಡಚೆಸ್‌ಳ ಕಾಮವನ್ನು ದೂರಿ ನೀತಿ ಹೇಳುತ್ತದೆ. ನಾಟಕ ಆ ನೀತಿಯನ್ನು ಬದಿಗೊತ್ತಿ, ಕೊಲೆ ಮಾಡಿದವನಿಗೆ ಏನಾಗುತ್ತದೆ ಎಂದು ನೋಡಲು ತೊಡಗುತ್ತದೆ.

ನಾಟಕ 1614ರ ಕೊನೆಗೆ ಮುಂಚೆಯೇ ರಂಗಕ್ಕೆ ಬಂದಿತ್ತು, ಏಕೆಂದರೆ ಮೊದಲು ಆಂಟೋನಿಯೊನ ಪಾತ್ರ ಮಾಡಿದ ವಿಲಿಯಂ ಆಸ್ಲರ್ ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ. 1623ರಲ್ಲಿ ಅಚ್ಚಾದಾಗ ಯಾವ ನಟ ಯಾವ ಪಾತ್ರ ಮಾಡಿದ ಎಂಬ ಪಟ್ಟಿಯೂ ಸೇರಿತು. ಇಂಗ್ಲಿಷ್ ನಾಟಕಗಳಲ್ಲಿ ಹಾಗೆ ಅಚ್ಚಾದ ಮೊದಮೊದಲ ಪಟ್ಟಿಗಳಲ್ಲಿ ಇದೊಂದು. ಆ ಪಟ್ಟಿಯಲ್ಲಿ ಫರ್ಡಿನೆಂಡನಾಗಿ ಆಗಿನ ಅತಿ ಪ್ರಸಿದ್ಧ ನಟ ರಿಚರ್ಡ್ ಬರ್ಬೇಜ್ ಇದ್ದಾನೆ. ಆದರೂ ಎಲ್ಲರಿಗಿಂತ ಮೇಲೆ ಅಚ್ಚಾಗಿರುವುದು ಬೊಸೊಲಾ, ಆ ಪಾತ್ರಧಾರಿ ಜಾನ್ ಲೋವಿನ್. ದೊರೆಗಳನ್ನೂ ಧರ್ಮಾಧಿಕಾರಿಯನ್ನೂ ಕೆಳಗಿಟ್ಟು ಆಳಿನ ಹೆಸರನ್ನು ಮೇಲಿಟ್ಟದ್ದು ಅಚ್ಚುಕೂಟದವರ ಆಕಸ್ಮಿಕವೂ ಆಗಿರಬಹುದು, ಆದರೆ ನಾಟಕ ಯಾರ ಸುತ್ತ ತಿರುಗುತ್ತದೆ ಎಂಬುದಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ನೇಪಥ್ಯ:

ಹಳೆಯ ಪುಟ ಅವರಿಗೆ ಧನ್ಯವಾದ. ನೌಕರಿಗೆ ಹಾಕಿ ಎಂದಿರಲ್ಲ, ನನ್ನ ವಾದಕ್ಕೆ ಬೇಕಾದದ್ದು ಅದೇ. ಮೊದಲ ದೃಶ್ಯದಲ್ಲಿ ಬೊಸೊಲಾ ಬಾಯಿ ತೆರೆಯುವುದೇ ಬಾಕಿಯ ವಿಷಯಕ್ಕೆ. ಕಾರ್ಡಿನಲ್‌ನ ಕೆಲಸ ಮಾಡಿದ್ದಕ್ಕಾಗಿ ಎರಡು ವರ್ಷ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ ಅನುಭವಿಸಿದೆ, ಅಂಗಿಗೆ ಬದಲು ಎರಡು ಟವೆಲ್ ಸುತ್ತಿಕೊಂಡಿದ್ದೆ ಎಂದು ಆಡಿಕೊಳ್ಳುತ್ತಾನೆ. ಕಾರ್ಡಿನಲ್ ಮುಖ ಕೊಟ್ಟು ಮಾತೂ ಆಡದೆ ಹೋಗುತ್ತಾನೆ. ತುಸು ಹೊತ್ತಿನಲ್ಲಿ ಆಂಟೋನಿಯೊನ ಗೆಳೆಯ ಡೀಲಿಯೊ, ಒಂದು ಕುಖ್ಯಾತ ಕೊಲೆಗಾಗಿ ಇವನು ಏಳು ವರ್ಷ ಹಡಗಿನಲ್ಲಿದ್ದುದನ್ನು ತಾನು ಬಲ್ಲೆ, ಅದನ್ನು ಮಾಡಿಸಿದವನು ಕಾರ್ಡಿನಲ್ ಎಂದು ಜನ ಆಡಿಕೊಂಡರು ಎನ್ನುತ್ತಾನೆ. ಎರಡೋ ಏಳೋ, ವೆಬ್‌ಸ್ಟರ್ ಸರಿಪಡಿಸಿಲ್ಲ. ಆದರೆ ಡಚೆಸ್‌ಳ ಕಥೆ ಆರಂಭವಾಗುವ ಮೊದಲೇ ಈ ಮನೆತನಕ್ಕಾಗಿ ಒಂದು ಕೊಲೆ ಮಾಡಿ, ಶಿಕ್ಷೆ ತಾನೊಬ್ಬನೇ ಅನುಭವಿಸಿ, ಬರಿಗೈಯಲ್ಲಿ ಬಂದವನು ಅವನು ಎಂಬುದು ಖಚಿತವಾಯಿತು. ಅದೇ ದೃಶ್ಯದಲ್ಲಿ ಆಂಟೋನಿಯೊ ಇವನನ್ನು ಕುರಿತು, ಇಂಥವನನ್ನು ಹೀಗೆ ಮೂಲೆಗೆ ತಳ್ಳಿರುವುದು ಬಲು ಅನ್ಯಾಯ, ಈ ಕರಿಯ ಬೇಸರ ಇವನಲ್ಲಿರುವ ಒಳಿತನ್ನೆಲ್ಲ ಕೆಡಿಸೀತು ಎನ್ನುತ್ತಾನೆ. ಆಂಟೋನಿಯೊ ಕನಿಕರದಿಂದ ಆಡಿದ ಮಾತನ್ನೇ ಬೊಸೊಲಾ ಸಾಯುವಾಗ ತನ್ನ ದೂರಾಗಿ ಆಡುತ್ತಾನೆ. ಐದು ಅಂಕಗಳಲ್ಲಿ ಅವನ ದೂರು ಬದಲಾಗಲೇ ಇಲ್ಲ.

ಫರ್ಡಿನೆಂಡ್ ಹಣ ಕೊಟ್ಟಾಗ ಅವನು ಕೇಳುವ ಮೊದಲ ಪ್ರಶ್ನೆ, ಈಗ ಯಾರ ಕತ್ತು ಕೊಯ್ಯಬೇಕು ಎಂಬುದು. ಡಚೆಸ್‌ಳ ಕುದುರೆಲಾಯದ ಅಧಿಕಾರಿ ಎಂಬ ಹುದ್ದೆ ಸಿಗುತ್ತದೆ, ಅದೇ ಅವನ ಬೇಹುಗಾರಿಕೆಗೆ ಮರೆ. ಕೃತಜ್ಞತೆ ತೋರಬೇಕಾದ್ದರಿಂದ ಕೆಟ್ಟದ್ದನ್ನು ಮಾಡಬೇಕಾಗಿದೆ ಎಂದು ಅಲ್ಲಿಯೇ ಒಪ್ಪಿಕೊಳ್ಳುತ್ತಾನೆ. ಅಷ್ಟು ತಿಳಿದೂ ಸಂಬಳಕ್ಕೆ ಸೇರಿದವನ ಕಣ್ಣೀರನ್ನು ನಾನು ಹೇಗೆ ಲೆಕ್ಕಕ್ಕೆ ಹಿಡಿಯಲಿ?

ಎರಡನೇ ಗಂಟೆ:

ನಾನು ಈ ನಾಟಕದ ಕೆಲವು ದೃಶ್ಯಗಳ ರಂಗಪ್ರಯೋಗದಲ್ಲಿ ಕೆಲಸ ಮಾಡಿದ್ದೇನೆ, ಆದ್ದರಿಂದ ಪಠ್ಯಕ್ಕಿಂತ ಬೇರೆ ಕಡೆಯಿಂದ ಬರುತ್ತೇನೆ. ಸಂಬಳದ ಪ್ರಶ್ನೆ ಎದ್ದುನಿಲ್ಲುವ ಜಾಗವನ್ನು ನೀವ್ಯಾರೂ ಇನ್ನೂ ಮುಟ್ಟಿಲ್ಲ. ಡಚೆಸ್‌ಳ ಹೆಣ ನೆಲದ ಮೇಲಿದೆ. ಫರ್ಡಿನೆಂಡ್, ಅವಳ ಮುಖ ಮುಚ್ಚು, ನನ್ನ ಕಣ್ಣು ಕೋರೈಸುತ್ತಿದೆ, ಎಳೆಯ ವಯಸ್ಸಿಗೇ ಸತ್ತಳು ಎನ್ನುತ್ತಾನೆ. ಇಡೀ ನಾಟಕದಲ್ಲಿ ಜನ ನೆನಪಿಡುವ ಸಾಲು ಅದು, ಸರಿಯೇ. ಆದರೆ ಆಡಿ ನೋಡಿದರೆ ಅದರ ಮುಂದಿನ ಸಂಭಾಷಣೆ ಇನ್ನೂ ಬಲವಾದದ್ದು. ಫರ್ಡಿನೆಂಡ್ ಇದ್ದಕ್ಕಿದ್ದಂತೆ ಬೊಸೊಲಾನ ಮೇಲೆ ತಿರುಗಿ, ನನ್ನ ಬುದ್ಧಿ ಸ್ವಾಧೀನದಲ್ಲಿಲ್ಲದಾಗ ನಾನು ಹೇಳಿದ್ದನ್ನು ನೀನೇಕೆ ಮಾಡಿದೆ, ಯಾರ ಅಧಿಕಾರದಿಂದ ಈ ಶಿಕ್ಷೆ ಜಾರಿ ಮಾಡಿದೆ ಎಂದು ಕೇಳುತ್ತಾನೆ. ನಿಮ್ಮ ಅಧಿಕಾರದಿಂದ ಎಂದು ಬೊಸೊಲಾನ ಉತ್ತರ. ನನ್ನದೇ? ನಾನೇನು ಅವಳ ನ್ಯಾಯಾಧೀಶನೇ, ಯಾವ ನ್ಯಾಯಾಲಯ ಕುಳಿತು ವಿಚಾರಣೆ ನಡೆಸಿತ್ತು ಎಂದು ಫರ್ಡಿನೆಂಡ್. ಬೊಸೊಲಾ ತನ್ನ ಸೇವೆಗೆ ಸಲ್ಲಬೇಕಾದ ಇನಾಮು ಕೇಳಿದರೆ, ಈ ಕೊಲೆಗೆ ನಿನಗೆ ಕ್ಷಮಾದಾನ ಕೊಡುತ್ತೇನೆ, ಅದೇ ಇನಾಮು ಎನ್ನುತ್ತಾನೆ.

ಈ ಹೊತ್ತಿನಲ್ಲಿ ಬೊಸೊಲಾನ ಪಾತ್ರಧಾರಿ ಕೋಪವನ್ನು ಆಡಬೇಕೋ ಪಶ್ಚಾತ್ತಾಪವನ್ನು ಆಡಬೇಕೋ ಎಂಬ ಪ್ರಶ್ನೆ ತಾಲೀಮಿನಲ್ಲಿ ಬಂದೇ ಬರುತ್ತದೆ. ನನ್ನ ಅನುಭವದಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಂಡ ನಟ ಮುಂದಿನ ಮಾತಿಗೇ ಸಿಕ್ಕಿಬೀಳುತ್ತಾನೆ. ಬೊಸೊಲಾ ಅಲ್ಲಿ ಹೇಳುವುದು, ಬಹುಕಾಲ ಚಿನ್ನದ ಕನಸು ಕಾಣುತ್ತಿದ್ದು ಈಗ ಎಚ್ಚರವಾಗಿರುವುದರಿಂದ ನನಗೆ ನನ್ನ ಮೇಲೆಯೇ ಸಿಟ್ಟು ಬಂದಿದೆ ಎಂದು. ಚಿನ್ನ ಸಿಗದಿದ್ದುದಕ್ಕೆ ಕನಸು ಒಡೆದದ್ದು. ಕನಸು ಒಡೆದದ್ದರಿಂದ ತಾನು ಮಾಡಿದ್ದು ಏನೆಂದು ಕಂಡದ್ದು. ಅವನ ಆತ್ಮಸಾಕ್ಷಿಯ ಬಾಗಿಲು ತೆರೆದುಕೊಂಡದ್ದೇ ಬಾಕಿ ಉಳಿದ ಕೂಲಿಯ ಕಡೆಯಿಂದ. ನೇಪಥ್ಯ ಅವರು ಕೇಳಿದ ‘ಇದೋ ಅದೋ’ ಎಂಬ ಪ್ರಶ್ನೆಯನ್ನು ವೆಬ್‌ಸ್ಟರ್ ಬೇಕೆಂದೇ ಬಿಡಿಸಲಾಗದಂತೆ ಹೆಣೆದಿದ್ದಾನೆ ಎಂದು ನಾನು ತಿಳಿದಿದ್ದೇನೆ.

ಸಾಲುಮರ:

ಎರಡನೇ ಗಂಟೆ ಅವರ ಮಾತು ನನಗೆ ಹಿಡಿಸಿತು. ಆದರೆ ಇನಾಮು ಸಿಕ್ಕಿದ್ದರೆ ಬೊಸೊಲಾ ಸುಮ್ಮನಾಗುತ್ತಿದ್ದನೇ ಎಂಬ ಪ್ರಶ್ನೆ ಉಳಿಯುತ್ತದೆ. ಐದನೆಯ ಅಂಕದಲ್ಲಿ ಕಾರ್ಡಿನಲ್ ಮತ್ತೆ ಆಮಿಷ ಒಡ್ಡುತ್ತಾನೆ, ಆಂಟೋನಿಯೊನನ್ನು ಕೊಂದರೆ ಬೇಕಾದದ್ದನ್ನು ಕೊಡುವುದಾಗಿ ಹೇಳುತ್ತಾನೆ. ಬೊಸೊಲಾ ಒಪ್ಪಿದಂತೆ ನಟಿಸಿ, ಒಬ್ಬನೇ ಇರುವಾಗ ಆಂಟೋನಿಯೊನನ್ನು ಹುಡುಕಿ ಕಾಪಾಡುವುದೇ ತನ್ನ ಕೆಲಸ ಎಂದು ನಿಶ್ಚಯಿಸುತ್ತಾನೆ. ಈ ಸಲ ಕೂಲಿ ಕಣ್ಣೆದುರಿಗೇ ಇದ್ದರೂ ಅವನು ಅದಕ್ಕೆ ಕೈಚಾಚಲಿಲ್ಲ.

ಮಳೆನಾಡು:

ಇಷ್ಟು ಹೊತ್ತಾದರೂ ಡಚೆಸ್‌ಳ ಬಗ್ಗೆ ಯಾರೂ ಮಾತಾಡಿಲ್ಲವೆಂಬುದು ವಿಚಿತ್ರ. ಸೇಡಿನ ನಾಟಕದಲ್ಲಿ ಸತ್ತವರು ಸಾಮಾನ್ಯವಾಗಿ ಒಂದು ನೆಪ ಮಾತ್ರ. ಹಿರಾನಿಮೊನ ಮಗ ಎಂಥವನಾಗಿದ್ದ ಎಂದು ಕೇಳಿದರೆ ನಾವು ಎರಡು ಮಾತು ಹೇಳಲಾರೆವು. ಇಲ್ಲಿ ನಾಲ್ಕು ಅಂಕಗಳ ಕಾಲ ಅವಳು ನಮ್ಮೆದುರು ಬದುಕಿರುತ್ತಾಳೆ. ಕಣ್ಣು ಕೆಂಪಾಗಿದೆ ಎಂಬ ನೆಪದಲ್ಲಿ ಉಂಗುರ ಕೊಟ್ಟು ತಾನೇ ಮುಂದಾಗಿ ಮದುವೆಯ ಮಾತೆತ್ತುತ್ತಾಳೆ, ಗಂಡನ ಗೋರಿಯ ಮೇಲೆ ಮಂಡಿಯೂರಿದ ಕಲ್ಲಿನ ಪ್ರತಿಮೆಯಲ್ಲ ನಾನು, ರಕ್ತಮಾಂಸ ಎನ್ನುತ್ತಾಳೆ. ಗರ್ಭಿಣಿಯೋ ಎಂದು ಪರೀಕ್ಷಿಸಲು ಬೊಸೊಲಾ ಕೊಟ್ಟ ಏಪ್ರಿಕಾಟ್ ಹಣ್ಣುಗಳನ್ನು ಆಸೆಯಿಂದ ತಿಂದು ಸಿಕ್ಕಿಬೀಳುತ್ತಾಳೆ. ಉರುಲು ಬಿಗಿಯುವ ಮೊದಲು ಕ್ಯಾರಿಯೋಲಳಿಗೆ ಅವಳು ಹೇಳುವುದು, ಚಿಕ್ಕ ಮಗನಿಗೆ ನೆಗಡಿಯಾಗಿದೆ, ಔಷಧಿಯ ಪಾನಕ ಕುಡಿಸು, ಮಗಳು ಮಲಗುವ ಮೊದಲು ಪ್ರಾರ್ಥನೆ ಹೇಳುವಂತೆ ನೋಡಿಕೊ ಎಂಬ ಮಾತು.

ಅವಳನ್ನು ಈಗಿನ ಅರ್ಥದ ಬಂಡಾಯಗಾರ್ತಿ ಎಂದು ಓದುವುದು ಸುಲಭ. ನಾಟಕ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. ಮಲಗುವ ಕೋಣೆಗೆ ನುಗ್ಗಿ ಕೈಗೆ ಕಠಾರಿ ಕೊಟ್ಟ ಫರ್ಡಿನೆಂಡ್‌ಗೆ ಅವಳು, ನಾನು ಹೊಸ ಲೋಕವನ್ನಾಗಲಿ ಹೊಸ ಪದ್ಧತಿಯನ್ನಾಗಲಿ ಹುಟ್ಟಿಸಲು ಹೊರಟವಳಲ್ಲ ಎನ್ನುತ್ತಾಳೆ. ವಿಧವೆ ಮರುಮದುವೆಯಾಗುವುದು ಆಗಿನ ಇಂಗ್ಲೆಂಡಿನಲ್ಲಿ ನಿಷಿದ್ಧವಾಗಿರಲಿಲ್ಲ, ಸಾಮಾನ್ಯವಾಗಿಯೇ ಇತ್ತು. ಅಪಾಯವಿದ್ದದ್ದು ಅಂತಸ್ತು ಮೀರಿ, ಅನುಮತಿ ಇಲ್ಲದೆ ಆದ ಮದುವೆಯಲ್ಲಿ. ದೊರೆ ಒಂದನೆಯ ಜೇಮ್ಸನ ಸೋದರಸಂಬಂಧಿ ಅರ್ಬೆಲ್ಲಾ ಸ್ಟುವರ್ಟ್ 1610ರಲ್ಲಿ ಅವನ ಒಪ್ಪಿಗೆಯಿಲ್ಲದೆ ವಿಲಿಯಂ ಸೀಮೋರ್‌ನನ್ನು ಗುಟ್ಟಾಗಿ ಮದುವೆಯಾಗಿ ಬಂಧನಕ್ಕೊಳಗಾದಳು, ಮರುವರ್ಷ ತಪ್ಪಿಸಿಕೊಂಡು ಹೋಗುವಾಗ ಸಮುದ್ರದಲ್ಲಿ ಸಿಕ್ಕಿಬಿದ್ದು, 1615ರಲ್ಲಿ ಲಂಡನ್ ಟವರಿನ ಸೆರೆಯಲ್ಲಿಯೇ ಸತ್ತಳು. ಮೊದಲ ಪ್ರದರ್ಶನಗಳ ಹೊತ್ತಿಗೆ ಅವಳು ಅಲ್ಲಿ ಜೀವಂತವಾಗಿದ್ದಳು. ಕಥೆ ಇಟಲಿಯದಾದರೂ ಲಂಡನ್ನಿನ ಪ್ರೇಕ್ಷಕರು ಇದನ್ನು ದೂರದ ದೇಶದ ಸಂಗತಿಯೆಂದು ನೋಡಿರಲಾರರು.

ಆದ್ದರಿಂದ ನನ್ನ ಆಸಕ್ತಿ, ಬೊಸೊಲಾಗಿಂತ ಮೊದಲು ಈ ನಾಟಕದಲ್ಲಿ ಸೇಡು ತೀರಿಸಿಕೊಳ್ಳುವವರು ಯಾರು ಎಂಬುದರಲ್ಲಿದೆ. ಸೋದರರು ತಾವು ಮಾಡುತ್ತಿರುವುದೇ ಸೇಡೆಂದು ತಿಳಿದಿದ್ದಾರೆ. ಅವಳಿಂದ ಅವರಿಗಾದ ಹಾನಿ ಏನು?

ಕಿರುದಾರಿ:

ಒಳ್ಳೆಯ ಪ್ರಶ್ನೆ. ಮಗು ಹುಟ್ಟಿದ ಸುದ್ದಿ ಬಂದಾಗ ಇಬ್ಬರೂ ಒಂದೇ ಕೋಣೆಯಲ್ಲಿರುತ್ತಾರೆ. ಕಾರ್ಡಿನಲ್, ಅರಗಾನ್ ಮತ್ತು ಕ್ಯಾಸ್ಟೈಲಿನ ರಾಜರಕ್ತ ಮಲಿನವಾಯಿತೇ ಎಂದು ತಣ್ಣಗೆ ಕೇಳುತ್ತಾನೆ. ಅವನಿಗೆ ಅದು ಮನೆತನದ ಲೆಕ್ಕ. ತಾನು ಮಾತ್ರ ಬೇರೊಬ್ಬನ ಹೆಂಡತಿ ಜೂಲಿಯಾಳನ್ನು ಇಟ್ಟುಕೊಂಡಿರುವ ಧರ್ಮಗುರು ಎಂಬುದನ್ನು ವೆಬ್‌ಸ್ಟರ್ ಹಿಂದಿನ ದೃಶ್ಯವೊಂದರಲ್ಲಿ ತೋರಿಸಿಯಾಗಿದೆ. ಫರ್ಡಿನೆಂಡ್‌ನ ಮಾತು ಬೇರೆ ಜಾತಿಯದು. ಅವರಿಬ್ಬರನ್ನೂ ಗಾಳಿಯಾಡದ ಇದ್ದಿಲ ಗುಂಡಿಯಲ್ಲಿ ಸುಡಿಸುತ್ತೇನೆ, ಮಗುವನ್ನು ಬೇಯಿಸಿ ಅದರ ಸಾರನ್ನು ತಂದೆಗೇ ಕುಡಿಸುತ್ತೇನೆ ಎಂದು ಅರಚುತ್ತಾನೆ. ಅವಳು ಇನ್ನೊಬ್ಬನೊಡನೆ ಇರುವ ದೃಶ್ಯವನ್ನು ಮನಸ್ಸಿನಲ್ಲಿ ತಾನೇ ಬಿಡಿಸಿಕೊಂಡು ಅದನ್ನು ಬಿಡಲಾರದೆ ಒದ್ದಾಡುತ್ತಾನೆ. ಇದರ ಹಿಂದೆ ಅವಳಿ ತಂಗಿಯ ಮೇಲಿನ, ಅವನಿಗೇ ಅರಿವಿಲ್ಲದ ಆಸೆಯಿದೆ ಎಂದು ಇಪ್ಪತ್ತನೆಯ ಶತಮಾನದ ಹಲವು ವಿಮರ್ಶಕರು ಓದಿದ್ದಾರೆ. ಅವಳು ಸತ್ತ ಮೇಲೆ, ವಿಧವೆಯಾಗಿಯೇ ಉಳಿದಿದ್ದರೆ ಅವಳ ಅಪಾರ ಸಂಪತ್ತು ತನಗೆ ಬರುತ್ತಿತ್ತೆಂಬ ಆಸೆಯಿತ್ತು ಎಂದು ಒಂದು ಕಾರಣ ಹೇಳುತ್ತಾನೆ. ಅದು ಅಲ್ಲಿಯವರೆಗೆ ಎಲ್ಲಿಯೂ ಬಾರದ ಕಾರಣ. ಅವನು ತನ್ನನ್ನೇ ನಂಬಿಸಿಕೊಳ್ಳಲು ಹುಡುಕಿ ತಂದದ್ದು ಎಂದೇ ನನಗೆ ತೋರುತ್ತದೆ.

ಸೇಡಿಗೆ ಹಾನಿಯೇ ಇಲ್ಲದಿರುವಾಗ ಅದು ತೀರುವುದಾದರೂ ಹೇಗೆ? ಅವಳು ಹೋದ ಮೇಲೆ ಅವನು ತಾನು ತೋಳವೆಂದು ನಂಬಿ, ನಡುರಾತ್ರಿ ಸ್ಮಶಾನದಲ್ಲಿ ಹೆಣ ಬಗೆದು, ಸತ್ತವನ ಕಾಲನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಾನೆ. ತೋಳಕ್ಕೆ ರೋಮ ಹೊರಗಿರುತ್ತದೆ, ನನಗೆ ಒಳಗಿದೆ, ಕತ್ತಿಯಿಂದ ಸೀಳಿ ನೋಡಿ ಎನ್ನುತ್ತಾನೆ.

ನೇಪಥ್ಯ:

ಹಾಗಾದರೆ ಸೋದರರ ಬಳಿ ಕೋಪವಿದೆ, ಕಾರಣವಿಲ್ಲ. ಆಂಟೋನಿಯೊನ ಬಳಿ ಕಾರಣವಿದೆ, ಆದರೆ ಅವನಿಗೆ ವಿಷಯ ತಿಳಿದಿಲ್ಲ. ಬೊಸೊಲಾನ ಬಳಿ ಕೋಪವೂ ಇದೆ ಕಾರಣವೂ ಇದೆ, ಆದರೆ ಆ ಕಾರಣದ ಅರ್ಧಭಾಗ ಅವನೇ. ಈ ನೆಲೆಯಿಂದ ನೋಡಿದರೆ ಐದನೆಯ ಅಂಕ ಸೊರಗಿದೆ, ನಾಯಕಿಯೊಡನೆ ನಾಟಕವೂ ಸತ್ತಿತು ಎಂಬ ಹಳೆಯ ಆಕ್ಷೇಪಕ್ಕೆ ಉತ್ತರ ಸಿಗಬಹುದು. ಆದರೂ ಆ ಅಂಕದ ಸಾವುಗಳು ಒಂದರ ಮೇಲೊಂದು ಎಡವಿ ಬಿದ್ದಂತೆ ನಡೆಯುವುದು ನನ್ನನ್ನು ಕಾಡುತ್ತದೆ. ಕಾಪಾಡಲು ಹೊರಟ ಆಂಟೋನಿಯೊನನ್ನು ಬೊಸೊಲಾ ಕತ್ತಲೆಯಲ್ಲಿ ಕಾರ್ಡಿನಲ್ ಕಡೆಯವನೆಂದು ತಿಳಿದು ಇರಿದುಬಿಡುವುದು ತೀರ ಅಗ್ಗದ ಉಪಾಯವಲ್ಲವೇ?

ಎರಡನೇ ಗಂಟೆ:

ಆ ಕತ್ತಲೆಯನ್ನು ಆಗಿನ ರಂಗಮಂದಿರದೊಡನೆ ಇಟ್ಟು ನೋಡಬೇಕು. ಶೇಕ್ಸ್‌ಪಿಯರನ ತಂಡವೇ ಆದ ಕಿಂಗ್ಸ್ ಮೆನ್ ಇದನ್ನು ಗ್ಲೋಬಿನ ಬಯಲು ರಂಗದಲ್ಲಿಯೂ ಆಡಿತು, ಬ್ಲ್ಯಾಕ್‌ಫ್ರಯರ್ಸಿನ ಒಳಾಂಗಣದಲ್ಲಿಯೂ ಆಡಿತು. ಬ್ಲ್ಯಾಕ್‌ಫ್ರಯರ್ಸ್ ಮೇಣದಬತ್ತಿಗಳಿಂದ ಬೆಳಗುತ್ತಿದ್ದ ಮಂದಿರ. ದೀಪಗಳನ್ನು ಒಯ್ದು ಬಿಡುವುದು, ಸತ್ತ ಕೈಯನ್ನು ಕೊಟ್ಟ ಮೇಲೆ ಬೆಳಕು ತರಿಸುವುದು, ಇವೆಲ್ಲ ಅಲ್ಲಿ ಕಣ್ಣಿಗೆ ಕಾಣುವ ಕ್ರಿಯೆಗಳು. ಲಂಡನ್ನಿನಲ್ಲಿ ಸ್ಯಾಮ್ ವನಮೇಕರ್ ಪ್ಲೇಹೌಸ್ ಎಂಬ ಮೇಣದಬತ್ತಿ ಬೆಳಕಿನ ರಂಗಮಂದಿರ 2014ರ ಜನವರಿಯಲ್ಲಿ ಆರಂಭವಾದಾಗ ಮೊದಲು ಆಡಿದ್ದು ಇದೇ ನಾಟಕವನ್ನು. ಆಂಟೋನಿಯೊನ ಆಳು ಲಾಂದ್ರ ತರಲು ಹೋದ ಆ ತುಸು ಹೊತ್ತಿನಲ್ಲೇ ಇರಿತ ನಡೆಯುತ್ತದೆ. ಅವನು ಬೆಳಕು ಹಿಡಿದು ಬರುವಾಗ ಬೊಸೊಲಾನಿಗೆ ತಾನು ಯಾರನ್ನು ಕೊಂದೆನೆಂದು ತಿಳಿಯುತ್ತದೆ. ಕತ್ತಲೆಯಲ್ಲಿ ಅವಳಿಗೆ ಸುಳ್ಳು ಹೆಣ ತೋರಿಸಿದ ತಂಡದಲ್ಲಿದ್ದವನು, ಕತ್ತಲೆಯಲ್ಲಿಯೇ ಆ ಸುಳ್ಳನ್ನು ನಿಜಮಾಡುತ್ತಾನೆ. ಅದನ್ನು ಅಗ್ಗವೆನ್ನಲು ನನಗೆ ಮನಸ್ಸು ಬಾರದು.

ಮಳೆನಾಡು:

ಕತ್ತಲೆಯ ಕೊಲೆ ಎಂದಾಗ ನಮಗೆ ಮೊದಲು ನೆನಪಾಗುವವನು ಅಶ್ವತ್ಥಾಮ. ಅವನೂ ಇರುಳಲ್ಲಿ ಶಿಬಿರಕ್ಕೆ ನುಗ್ಗಿ ದ್ರೌಪದಿಯ ಮಕ್ಕಳನ್ನು ಕೊಂದವನು. ಆದರೆ ಅವನಿಗೆ ತಂದೆಯ ಸಾವಿನ ಸ್ವಂತ ಹಗೆಯಿತ್ತು, ತೊಡೆ ಮುರಿದು ಬಿದ್ದ ದುರ್ಯೋಧನ ಕೂಡ ಅವನಿಗೆ ಸೇನಾಪತಿಯ ಪಟ್ಟ ಕಟ್ಟಿಯೇ ಕಳುಹಿಸಿದ. ಬೊಸೊಲಾನಿಗೆ ಹಗೆಯೂ ಸ್ವಂತದ್ದಲ್ಲ, ಪಟ್ಟವೂ ಇಲ್ಲ. ಅವನು ಆ ಕೊಲೆಗೆ ಕೊಡುವ ವಿವರಣೆ, ನಾವೆಲ್ಲ ನಕ್ಷತ್ರಗಳು ತಮಗೆ ಬೇಕಾದತ್ತ ಬಡಿದಾಡುವ ಟೆನಿಸ್ ಚೆಂಡುಗಳು ಎಂಬುದು. ಕೊನೆಯಲ್ಲಿ ಆಂಟೋನಿಯೊ ಹೇಗೆ ಸತ್ತನೆಂದು ಕೇಳಿದಾಗ, ಮಂಜಿನಲ್ಲಿ, ಹೇಗೋ ಗೊತ್ತಿಲ್ಲ, ನಾಟಕಗಳಲ್ಲಿ ನಾನು ಎಷ್ಟೋ ಸಲ ಕಂಡಂಥ ತಪ್ಪು ಎನ್ನುತ್ತಾನೆ. ನೇಪಥ್ಯ ಅವರು ಎತ್ತಿದ ಆಕ್ಷೇಪವನ್ನು ವೆಬ್‌ಸ್ಟರ್ ತನ್ನ ಪಾತ್ರದ ಬಾಯಲ್ಲೇ ಹಾಕಿದ್ದಾನೆ. ಆದರೆ ನಕ್ಷತ್ರಗಳ ಮೇಲೆ ಹೊಣೆ ಹೊರಿಸುವ ಈ ಮಾತನ್ನು ನಾಟಕದ ಸಿದ್ಧಾಂತವೆಂದು ಪರೀಕ್ಷೆಯ ಉತ್ತರಗಳಲ್ಲಿ ಬರೆಯುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಅದು ಕೈಯಲ್ಲಿ ರಕ್ತವಿರುವವನು ಆಡಿದ ಮಾತು.

ಹಳೆಯ ಪುಟ:

ಕಾರ್ಡಿನಲ್‌ನ ಸಾವನ್ನು ಯಾರಾದರೂ ಹೇಳುತ್ತಾರೆಂದು ಕಾದಿದ್ದೆ. ಜೂಲಿಯಾ ತನ್ನ ಗುಟ್ಟು ತಿಳಿದುಕೊಂಡಳೆಂದು ಅವಳಿಂದ ವಿಷ ಹಚ್ಚಿದ ಪುಸ್ತಕಕ್ಕೆ ಮುತ್ತಿಡಿಸಿ ಕೊಂದಿರುವ ಅವನು, ಹೆಣ ಸಾಗಿಸಲು ಅನುಕೂಲವಾಗಲೆಂದು ಆಸ್ಥಾನದವರಿಗೆ ಒಂದು ಅಪ್ಪಣೆ ಕೊಡುತ್ತಾನೆ: ಇಂದು ರಾತ್ರಿ ಫರ್ಡಿನೆಂಡ್‌ನ ಕೋಣೆಯಿಂದ ಏನು ಕೂಗು ಕೇಳಿದರೂ ಬರಬೇಡಿ, ನಾನೇ ನಿಮ್ಮನ್ನು ಪರೀಕ್ಷಿಸಲು ಕೂಗಿದರೂ ಬರಬೇಡಿ. ಬೊಸೊಲಾ ಕತ್ತಿ ಹಿಡಿದು ಬಂದಾಗ ಅವನು ನಿಜವಾಗಿಯೂ ಕೂಗುತ್ತಾನೆ. ಮೇಲಿನ ಮಹಡಿಯಲ್ಲಿ ನಿಂತವರು, ಎಷ್ಟು ಚೆನ್ನಾಗಿ ನಟಿಸುತ್ತಾನೆ ಎಂದು ನಗುತ್ತಾರೆ. ಅವರಲ್ಲಿ ಪೆಸ್ಕಾರ ಎಂಬುವನೊಬ್ಬನು ಮಾತ್ರ ಅನುಮಾನದಿಂದ ಕೆಳಗಿಳಿಯುತ್ತಾನೆ, ಬಾಗಿಲು ಒಡೆದು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗೆ ಬಾಗಿಲು ತೆಗೆಯಲು ಸಾಧ್ಯವಾಗದಿರಲಿ ಎಂದು ಬೊಸೊಲಾ ಮೊದಲು ಕೊಲ್ಲುವುದು ಏನೂ ತಿಳಿಯದ ಒಬ್ಬ ಆಳನ್ನು. ತನ್ನ ಪಟ್ಟಿಯಲ್ಲಿ ಆ ಆಳಿಗೆ ಅವನು ಜಾಗ ಕೊಡುವುದಿಲ್ಲ. ನೇಪಥ್ಯ ಅವರು ಅವನನ್ನು ಮೋಸಹೋದ ನೌಕರ ಎಂದರು. ಇನ್ನೊಬ್ಬ ನೌಕರನ ಹೆಣದ ಮೇಲೆ ನಿಂತು ಮುಯ್ಯಿ ತೀರಿಸಿದ ನೌಕರ ಎಂದು ಅದಕ್ಕೆ ನಾನು ಸೇರಿಸುತ್ತೇನೆ.

ಸಾಲುಮರ:

ಆ ಆಳಿನ ಸಾವು ನನ್ನ ವಾದಕ್ಕೆ ದೊಡ್ಡ ಅಡ್ಡಿ, ಅದಕ್ಕೆ ನನ್ನ ಬಳಿ ಸಮಾಧಾನವಿಲ್ಲ. ಆದರೆ ಕೊನೆಯ ಪಟ್ಟಿಯಲ್ಲಿ ತನ್ನ ಹೆಸರನ್ನು ಅವನು ನಾಲ್ಕನೆಯದಾಗಿ ಇಡುತ್ತಾನೆ, ಮೊದಲು ಡಚೆಸ್‌ಳನ್ನು ಹೇಳುತ್ತಾನೆ. ಮೊದಲ ಅಂಕದ ಬೊಸೊಲಾ ತನ್ನ ಹೆಸರಿನಿಂದಲೇ ಆರಂಭಿಸುತ್ತಿದ್ದ. ನನಗೆ ಅಷ್ಟು ಬದಲಾವಣೆ ಸಾಕು.

ನೇಪಥ್ಯ:

ಒಪ್ಪುತ್ತೇನೆ ಎನ್ನಲಾರೆ, ಆದರೆ ಆ ಕ್ರಮವನ್ನು ನಾನು ಹೀಗೆ ನೋಡಿರಲಿಲ್ಲ. ಕೊನೆಯ ದೃಶ್ಯದ ಇನ್ನೊಂದು ಅಂಶ ಚರ್ಚೆಗೆ ಬರಲಿಲ್ಲ. ಎಲ್ಲರೂ ಸತ್ತ ಮೇಲೆ ಡೀಲಿಯೊ ಆಂಟೋನಿಯೊನ ಹಿರಿಯ ಮಗನ ಕೈಹಿಡಿದು ಬಂದು, ತಾಯಿಯ ಹಕ್ಕಿನಲ್ಲಿ ಈ ಬಾಲಕನನ್ನು ನೆಲೆಗೊಳಿಸೋಣ ಎನ್ನುತ್ತಾನೆ. ಸೇಡಿನ ನಾಟಕಗಳು ಹೊಸ ಆಳ್ವಿಕೆಯ ಭರವಸೆಯೊಡನೆ ಮುಗಿಯುವುದು ಪದ್ಧತಿ, ಇದನ್ನು ಹಾಗೆಯೇ ಓದುವವರಿದ್ದಾರೆ.

ಕಿರುದಾರಿ:

ಹಾಗೆ ಓದಲು ಎರಡು ಅಡ್ಡಿಗಳಿವೆ. ಎರಡನೆಯ ಅಂಕದಲ್ಲಿ ಈ ಮಗನ ಜಾತಕದ ಕಾಗದವನ್ನು ಆಂಟೋನಿಯೊ ಬೀಳಿಸಿಕೊಳ್ಳುತ್ತಾನೆ, ಬೊಸೊಲಾ ಅದನ್ನೆತ್ತಿ ರಂಗದ ಮೇಲೆ ಗಟ್ಟಿಯಾಗಿ ಓದುತ್ತಾನೆ. ಅಲ್ಪಾಯುಷ್ಯ, ಘೋರ ಮರಣ ಎಂಬುದು ಅದರ ಫಲ. ಎರಡನೆಯದು ಇನ್ನೂ ಹತ್ತಿರದ್ದು. ಆಂಟೋನಿಯೊ ಸಾಯುವಾಗ, ಹೆಂಡತಿಯೂ ಇಬ್ಬರು ಮಕ್ಕಳೂ ಕೊಲೆಯಾದ ಸುದ್ದಿಯನ್ನು ಬೊಸೊಲಾನ ಬಾಯಿಂದ ಕೇಳಿದ ಮೇಲೆ, ಆಡಿದ ಕಡೆಯ ಮಾತು, ನನ್ನ ಮಗ ದೊರೆಗಳ ಆಸ್ಥಾನಗಳಿಂದ ದೂರ ಓಡಲಿ ಎಂದು. ಆ ಹೊತ್ತಿನಲ್ಲಿ ಡೀಲಿಯೊ ಅಲ್ಲಿರಲಿಲ್ಲ. ಕೇಳಿಸಿಕೊಂಡ ಬೊಸೊಲಾ ಸತ್ತ, ಜೊತೆಗಿದ್ದ ಆಳನ್ನು ಬೊಸೊಲಾ ಕೊಂದಾಗಿತ್ತು. ಹೀಗಾಗಿ ತಂದೆಯ ಮಾತನ್ನು ಮಗನಿಗೆ ತಲುಪಿಸಬಲ್ಲವರು ಯಾರೂ ಉಳಿಯದೆ, ಗೆಳೆಯನು ಒಳ್ಳೆಯ ಮನಸ್ಸಿನಿಂದಲೇ ಆ ಹುಡುಗನನ್ನು ಆಸ್ಥಾನದ ನಡುವಿಗೆ ತಂದು ನಿಲ್ಲಿಸುತ್ತಾನೆ.